ಮೊದಲ ಬೀಸುಬಲೆ

ಕಾಳಿ ನದಿ ಕಡಲು ಸೇರುವ ಕಾರವಾರದ ಕೋಡಿಬಾಗದಲ್ಲೋ, ಗಂಗಾವಳಿ ಕಡಲು ಸೇರುವ ಅಂಕೋಲೆಯ ಮಂಜಗುಣಿಯಲ್ಲೋ ಮೊಣಕಾಲುದ್ದ ನೀರಿಗಿಳಿದವನ ಕೈಯಲ್ಲಿ ಬೀಸುಬಲೆ ಅರಳುವುದನ್ನು ನೋಡಬೇಕು. ಹಗ್ಗದ ತುದಿ ಮಣಿಕಟ್ಟಿಗೆ, ಬಲೆಯ ಒಂದು ಮಡಿಕೆ ಮೊಣಕೈ ಮೇಲೆ, ಅಂಚು ಹಲ್ಲಿನ ನಡುವೆ. ಸೊಂಟ ತಿರುಗಿತೋ, ಬಲೆ ಚಕ್ರವಾಗಿ ನೀರಿಗೆ ಬಿತ್ತು. ಅಂಚಿನ ಸೀಸದ ಮಣಿಗಳು ಅದನ್ನು ತಳಕ್ಕೆಳೆಯುತ್ತವೆ; ಹಗ್ಗ ಎಳೆದಂತೆ ಬಾಯಿ ಮುಚ್ಚಿಕೊಳ್ಳುತ್ತದೆ.

ಮೊದಲ ಬಲೆ ಕೊಳ್ಳುವವರು ದೊಡ್ಡದಕ್ಕೆ ಆಸೆಪಡಬಾರದು. ಬಲೆಯ ಕಣ್ಣು ಕಿರಿದಾದರೆ ಸಿಗಡಿಯೂ ಸಿಕ್ಕೀತು. ಆದರೆ ಬಲೆ ನಿಧಾನವಾಗಿ ಮುಳುಗುತ್ತದೆ, ಮರಿಮೀನೂ ಸಾಯುತ್ತದೆ. ಹಗ್ಗ ಹಿಡಿದು ತೂಗಿ ನೋಡಿ: ಸೀಸ ಸುತ್ತಲೂ ಸಮವಾಗಿ ಜೋತಿರಬೇಕು. ಬೀಸಿ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನೈಲಾನಿಗೆ ಬಿಸಿಲು ಆಗಿಬರುವುದಿಲ್ಲ.