ಒಳಗಿನವನ ಹೊರಗು: ಹರಿಹರ–ರಾಘವಾಂಕರ ಐತಿಹ್ಯದ ಮರುಪರಿಶೀಲನೆ

ಸಮುದಾಯವೊಂದು ತನ್ನವನನ್ನೇ ಹೊರಗಿಡುವ ಪ್ರಸಂಗಗಳನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ಆಚಾರಭಂಗದ ನೆಲೆಯಲ್ಲಿ ಚರ್ಚಿಸಿದೆ. 1965ರಲ್ಲಿ ಪ್ರಕಟವಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯು ಈ ಚರ್ಚೆಗೆ ಕೇಂದ್ರವಾಯಿತು. ಅಲ್ಲಿ ಬದುಕಿದ್ದಾಗ ನಾರಣಪ್ಪನನ್ನು ಬಹಿಷ್ಕರಿಸಲಾರದೆ ಹೋದ ಅಗ್ರಹಾರಕ್ಕೆ ಅವನ ಶವವೇ ಸಮಸ್ಯೆಯಾಗುತ್ತದೆ. ಆದರೆ ಉಂಡದ್ದಕ್ಕೆ, ಕೂಡಿದ್ದಕ್ಕೆ ಹೊರಗಾಗುವುದು ಬೇರೆ. ನಂಬಿದ್ದಕ್ಕೆ, ನಂಬಿದ್ದನ್ನು ಬರೆದದ್ದಕ್ಕೆ ಹೊರಗಾಗುವುದು ಬೇರೆ. ಈ ಎರಡನೆಯ ಬಗೆಯ ಸ್ವರೂಪವನ್ನು ಅರಿಯಲು ಹಂಪೆಯ ಪರಿಸರದಲ್ಲಿಯೇ ಹುಟ್ಟಿದ ಐತಿಹ್ಯವೊಂದು ನೆರವಾಗುತ್ತದೆ. ಹರಿಹರನು ತನ್ನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಮೇಲೆ ಮುನಿದ ಕಥೆ ಅದು.

ಕಥೆ ಸುಪರಿಚಿತ. ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿ ವಿದ್ವತ್ಸಭೆಯ ಮನ್ನಣೆ ಪಡೆದ ರಾಘವಾಂಕನು ಗುರುವಿನ ಬಳಿಗೆ ಬರುತ್ತಾನೆ. ಶಿವನನ್ನೂ ಶಿವಶರಣರನ್ನೂ ಬಿಟ್ಟು ಭವಿಯಾದ ಅರಸನೊಬ್ಬನನ್ನು ಹೊಗಳಿದನೆಂದು ಹರಿಹರನು ಕೆರಳಿ ಪಾದರಕ್ಷೆಯಿಂದ ಹೊಡೆಯುತ್ತಾನೆ. ಶಿಷ್ಯನ ಹಲ್ಲುಗಳು ಉದುರುತ್ತವೆ. ಬಳಿಕ ಶೈವಕಾವ್ಯಗಳನ್ನು ಬರೆದು ರಾಘವಾಂಕನು ಅವುಗಳನ್ನು ಮರಳಿ ಪಡೆಯುತ್ತಾನೆ. ರಾಘವಾಂಕನು ಹದಿಮೂರನೆಯ ಶತಮಾನದ ಮೊದಲ ಭಾಗದವನು. ಅವನನ್ನೇ ನಾಯಕನನ್ನಾಗಿಸಿಕೊಂಡು ‘ರಾಘವಾಂಕಚರಿತೆ’ಯನ್ನು ಬರೆದ ಕವಿಯು ಹದಿನೇಳನೆಯ ಶತಮಾನದವನು. ನಡುವಿನ ಅಂತರ ನಾಲ್ಕು ನೂರು ವರ್ಷ. ಆದ್ದರಿಂದ ಈ ಐತಿಹ್ಯವನ್ನು ಕವಿಚರಿತೆಯ ಸಾಕ್ಷ್ಯವೆಂದು ಓದುವುದಕ್ಕಿಂತ, ಒಂದು ಧಾರ್ಮಿಕ ಸಮುದಾಯವು ತನ್ನ ಕವಿಯನ್ನು ಹೇಗೆ ನೆನೆಯಲು ಬಯಸಿತು ಎಂಬುದರ ದಾಖಲೆಯೆಂದು ಓದುವುದು ಉಚಿತ.

ಹಾಗೆ ಓದಿದಾಗ ಮೊದಲು ಕಾಣುವುದು ಹರಿಹರನಿಗೆ ಇಲ್ಲಿ ವಹಿಸಿರುವ ಪಾತ್ರದ ವಿಪರ್ಯಾಸ. ದೋರಸಮುದ್ರದ ಅರಮನೆಯ ಕರಣಿಕವೃತ್ತಿಯನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಬಂದವನೆಂದು ಪರಂಪರೆ ಹೇಳುವ ಕವಿ ಅವನು. ಅವನ ‘ಬಸವರಾಜದೇವರ ರಗಳೆ’ಯಲ್ಲಿ ತರುಣ ಬಸವಣ್ಣನು ಜನಿವಾರವನ್ನು ಕಿತ್ತೊಗೆದು, ಬಂಧುಬಳಗವನ್ನೂ ಬಾಗೇವಾಡಿಯನ್ನೂ ಬಿಟ್ಟು ಕೂಡಲಸಂಗಮಕ್ಕೆ ನಡೆಯುತ್ತಾನೆ. ನಂಬಿಕೆಗಾಗಿ ಹುಟ್ಟಿದ ಸಮುದಾಯವನ್ನು ತೊರೆಯುವುದನ್ನು ಇಷ್ಟೊಂದು ಆವೇಗದಿಂದ ಚಿತ್ರಿಸಿದ ಕವಿ ಕನ್ನಡದಲ್ಲಿ ವಿರಳ. ಐತಿಹ್ಯವು ಅಂಥವನ ಕೈಗೇ ದಂಡನೆಯ ಅಧಿಕಾರವನ್ನು ಕೊಟ್ಟಿದೆ. ಹೊರನಡೆದವರು ಕಟ್ಟಿದ ಸಮುದಾಯವೂ ನೆಲೆ ನಿಂತ ಮೇಲೆ ತನ್ನದೇ ಆದ ಹೊಸ್ತಿಲನ್ನು ಹಾಕಿಕೊಳ್ಳುತ್ತದೆ. ಆ ಹೊಸ್ತಿಲನ್ನು ಕಾಯಲು ಮೊದಲು ದಾಟಿದವರನ್ನೇ ನಿಲ್ಲಿಸುತ್ತದೆ.

ಆರೋಪವನ್ನು ಕಾವ್ಯದೊಂದಿಗೆ ಹೊಂದಿಸಿ ನೋಡಬೇಕು. ರಾಘವಾಂಕನು ಹರಿಶ್ಚಂದ್ರನನ್ನು ಕೇವಲ ಅರಸನೆಂದು ಹೊಗಳಿದನೆ? ಕಾವ್ಯದ ತಾತ್ವಿಕ ನೆಲೆಗಟ್ಟು ಸತ್ಯವನ್ನೂ ಹರನನ್ನೂ ಒಂದಾಗಿ ಕಾಣುವುದು. ಕಾಶಿಯ ಸುಡುಗಾಡಿನಲ್ಲಿ ಮಡದಿಯ ಮೇಲೆಯೇ ಕತ್ತಿಯೆತ್ತಬೇಕಾಗಿ ಬಂದ ಗಳಿಗೆಯಲ್ಲಿ ಪ್ರತ್ಯಕ್ಷನಾಗುವವನು ವಿಶ್ವನಾಥನೇ. ಶರಣರ ಸಾಲಿಗೆ ಸೇರದವನೂ ಸತ್ಯದ ನಿಷ್ಠೆಯಿಂದ ಶಿವನಿಗೆ ಸಲ್ಲಬಹುದೆಂಬುದು ಕವಿಯ ನಿಲುವು. ಹರಿಹರನಿಗೆ ಶರಣನ ಬಾಳೇ ಕಾವ್ಯವಸ್ತು. ರಾಘವಾಂಕನಿಗೆ ಶರಣನನ್ನು ಶರಣನಾಗಿಸುವ ಮೌಲ್ಯವೇ ಕಾವ್ಯವಸ್ತು. ಇದು ಭಕ್ತನಿಗೂ ಅಭಕ್ತನಿಗೂ ನಡೆದ ವ್ಯಾಜ್ಯವಲ್ಲ. ಒಂದೇ ನಂಬಿಕೆಯ ಎರಡು ಅರ್ಥಗಳ ನಡುವಿನ ತಿಕ್ಕಾಟ. ಅನ್ಯಮತದವನೊಡನೆ ಸಮುದಾಯವು ವಾದಿಸಬಹುದು, ಕಾದಾಡಬಹುದು, ಅವನನ್ನು ಹೊರಹಾಕಲಾರದು. ಹೊರಹಾಕಲು ಸಾಧ್ಯವಿರುವುದು ಒಳಗಿನವನನ್ನು ಮಾತ್ರ.

ಕಾವ್ಯದ ಒಳಗೂ ಇದೇ ಪ್ರಶ್ನೆ ಇರುವುದು ಗಮನಾರ್ಹ. ಹರಿಶ್ಚಂದ್ರನ ಸತ್ಯ ಕೆಟ್ಟರೆ ತಾನು ವೇದಮಾರ್ಗದಿಂದ ಹೊರಗಾಗುವೆನೆಂದು ವಸಿಷ್ಠನು ಪಣ ತೊಡುತ್ತಾನೆ. ಒಬ್ಬ ಮನುಷ್ಯನ ಮೇಲಿಟ್ಟ ನಂಬಿಕೆಗಾಗಿ ಋಷಿಯು ತನ್ನ ಸ್ಥಾನವನ್ನೇ ಒತ್ತೆಯಿಡುತ್ತಾನೆ. ಅತ್ತ ಅರಸನಾಗಿದ್ದಾಗ ಅನಾಮಿಕೆಯರನ್ನು ಮದುವೆಯಾಗಲು ಕುಲದ ಕಾರಣದಿಂದ ಒಲ್ಲದೆ ರಾಜ್ಯವನ್ನೇ ಬಿಟ್ಟುಕೊಟ್ಟ ಹರಿಶ್ಚಂದ್ರನು ಕೊನೆಗೆ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ. ಕುಲ ಹೋದ ಮೇಲೂ ಸತ್ಯ ಹೋಗಲಿಲ್ಲವೆಂಬುದು ಕಥೆಯ ತಿರುಳು. ಅನಾಮಿಕೆಯರು ಎತ್ತುವ ಪ್ರಶ್ನೆಗಳಿಗೆ ಅರಸನು ಕೊಡುವ ಉತ್ತರಗಳು ದುರ್ಬಲವಾಗಿವೆ. ಆ ದೌರ್ಬಲ್ಯವನ್ನು ಕವಿ ಮುಚ್ಚಿಲ್ಲ. ಹೊರಗಿನವರ ಮಾತನ್ನು ಇಷ್ಟು ಗಟ್ಟಿಯಾಗಿ ಕೇಳಿಸಿದ ಕಾವ್ಯವು ಗಡಿ ಕಾಯುವವರಿಗೆ ಇರುಸುಮುರುಸು ತಂದಿದ್ದರೆ ಆಶ್ಚರ್ಯವಿಲ್ಲ.

ಐತಿಹ್ಯದ ಉತ್ತರಾರ್ಧ ಪ್ರಾಯಶ್ಚಿತ್ತದ್ದು. ಹಲ್ಲು ನುಡಿಯ ಅಂಗ. ಅದು ಉದುರುವುದೆಂದರೆ ನುಡಿಯುವ ಹಕ್ಕು ಹೋಗುವುದು. ಒಪ್ಪಿತವಾದುದನ್ನು ನುಡಿದಾಗ ಅದು ಮರಳುತ್ತದೆ. ‘ಸೋಮನಾಥಚರಿತೆ’, ‘ಸಿದ್ಧರಾಮಚರಿತೆ’, ‘ವೀರೇಶಚರಿತೆ’, ‘ಶರಭಚಾರಿತ್ರ’, ‘ಹರಿಹರಮಹತ್ವ’ ಎಂಬ ಕೃತಿಗಳನ್ನು ಈ ಕಥೆಯು ದಂಡದ ಕಂತುಗಳಂತೆ ಎಣಿಸುತ್ತದೆ. ಇದು ಅವುಗಳಿಗೆ ಮಾಡುವ ಅನ್ಯಾಯ: ‘ಸಿದ್ಧರಾಮಚರಿತೆ’ಯಂಥ ಕಾವ್ಯ ಭಯದ ಫಲವಾಗಿರಲಾರದು. ಕಾಲದ ತೀರ್ಪಂತೂ ಬೇರೆಯೇ ಆಯಿತು. ಕೊನೆಯ ಎರಡು ಕೃತಿಗಳು ನಮಗೆ ದೊರೆತಿಲ್ಲ. ದಂಡನೆಗೆ ಕಾರಣವಾಯಿತೆನ್ನುವ ಕಾವ್ಯವೇ ಗಮಕಿಗಳ ಕಂಠದಲ್ಲೂ ಪಠ್ಯಗಳಲ್ಲೂ ಉಳಿದು ಬಂದಿದೆ.

ಈ ಕಥೆಯ ವಿನ್ಯಾಸ ಹಳೆಯದಾಗಿಲ್ಲ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನ ಜನನ ಮತ್ತು ನೀಲಾಂಬಿಕೆಯ ಬಾಳಿನ ಬಗ್ಗೆ ಮಂಡಿಸಿದ ವಿಚಾರಗಳು ಲಿಂಗಾಯತ ಸಮುದಾಯದಲ್ಲಿ ಪ್ರತಿಭಟನೆ ಎಬ್ಬಿಸಿದವು, 1989ರಲ್ಲಿ ಅವರು ಆ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಲ್ಲಿಯೂ ಗುರಿಯಾದವರು ಒಳಗಿನವರು, ವಚನಸಾಹಿತ್ಯದ ಸಂಶೋಧನೆಗೆ ಬಾಳನ್ನೇ ಮೀಸಲಿಟ್ಟವರು. ಐತಿಹ್ಯದ ಗುರು ಹೊಸದನ್ನು ಬರೆಯೆಂದನು, ಬರೆದುದನ್ನು ಅಳಿಸೆನ್ನಲಿಲ್ಲ. ಇಪ್ಪತ್ತನೆಯ ಶತಮಾನವು ಅಳಿಸೆಂದಿತು. ಆದರೂ ಕಲಬುರ್ಗಿಯವರ ಕಾರ್ಯ ನಿಲ್ಲಲಿಲ್ಲ. 1998ರಿಂದ 2001ರವರೆಗೆ ಅವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 2006ರಲ್ಲಿ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಈ ಎರಡು ಘಟನೆಗಳನ್ನು ಒಂದೇ ಸರಪಳಿಯ ಕೊಂಡಿಗಳೆನ್ನುವುದು ಅವಸರದ ಮಾತಾದೀತು. ಆದರೆ ನುಡಿಯನ್ನು ವಾದದಿಂದ ಎದುರಿಸದೆ ನುಡಿಯುವವನನ್ನೇ ಎದುರಿಸುವ ಪ್ರವೃತ್ತಿ ಎರಡರಲ್ಲಿಯೂ ಇದೆ.

ಹರಿಹರ–ರಾಘವಾಂಕರ ಕಥೆಯನ್ನು ಗುರುಭಕ್ತಿಯ ಮಹಿಮೆಯೆಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಶಿಷ್ಯನ ಹಲ್ಲು ಮರಳಿದ್ದನ್ನು ಕೊಂಡಾಡುವ ಕಥನವು, ಅವು ಉದುರಬೇಕಿತ್ತೆ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವ ಹೊಣೆ ಸಾಹಿತ್ಯಚರಿತ್ರೆಯದು. ಉತ್ತರಕ್ಕೆ ಬೇಕಾದ ಸಾಕ್ಷ್ಯ ‘ಹರಿಶ್ಚಂದ್ರಕಾವ್ಯ’ದಲ್ಲಿಯೇ ಇದೆ: ಅದನ್ನು ಬರೆದವನು ತನ್ನ ದೇವರನ್ನು ಬಿಟ್ಟಿರಲಿಲ್ಲ, ಆ ದೇವರ ಅಂಗಳವನ್ನು ಹಿರಿದುಮಾಡಿದ್ದನು.