ಗ್ವಾಲ್ತಶಾರಿಯ ಕೆಂಪು ವೈನ್: ಎತ್ತರ ಕೊಡುವುದೇನು?

ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಿಂದ ಬರುವ ವೈನ್ ಬಾಟಲಿಗಳ ಮೇಲೆ ತಳಿ, ಊರು, ಕೊಯ್ಲಿನ ವರ್ಷಗಳ ಜೊತೆಗೆ ಇನ್ನೊಂದು ಅಂಕಿಯನ್ನೂ ಕಾಣಬಹುದು: ತೋಟ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂಬುದು. ಅಂಕಿ ಏರಿದಂತೆ ಬೆಲೆಯೂ ಮೆಚ್ಚುಗೆಯೂ ಏರುವುದು ಈಗ ರೂಢಿಯಾಗಿದೆ. ಹಾಗಾದರೆ ಬೆಟ್ಟದ ಕೆಂಪು ವೈನಿಗೆ ನಿಜಕ್ಕೂ ತನ್ನದೇ ಆದ ಗುಣವಿದೆಯೇ? ಇದೆ, ಅದನ್ನು ಅಳೆದು ತೋರಿಸಲೂ ಬಹುದು ಎಂಬುದು ಈ ಬರಹದ ವಾದ. ಆದರೆ ಆ ಗುಣವನ್ನು ಯಾವುದೋ ಒಂದು ವಾಸನೆಯಲ್ಲಿ ಅಥವಾ ರುಚಿಯಲ್ಲಿ ಹುಡುಕಿದರೆ ಸಿಗದು. ಹಗಲಿನ ಕಡುಬಿಸಿಲು ಹಣ್ಣಿಗೆ ತುಂಬಿದ್ದನ್ನು ರಾತ್ರಿಯ ಚಳಿ ಸೋರಿಹೋಗದಂತೆ ಕಾಯುತ್ತದೆ; ಈ ತುಂಬುವಿಕೆ ಮತ್ತು ಕಾಯುವಿಕೆಗಳ ನಡುವಿನ ಸಮತೋಲವೇ ಬೆಟ್ಟದ ಗುಣ. ಇವೆರಡರಲ್ಲಿ ಒಂದು ತಪ್ಪಿದರೂ ಬಾಟಲಿಯ ಮೇಲಿನ ಮೀಟರಿನ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ.

ಈ ಮಾತನ್ನು ಪರೀಕ್ಷಿಸಲು ಮೆಂಡೋಸಾದ ಊಕೋ ಕಣಿವೆಯ ಗ್ವಾಲ್ತಶಾರಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಮುಖ್ಯ ತಳಿ ಮಾಲ್ಬೆಕ್ ಮೂಲತಃ ನೈಋತ್ಯ ಫ್ರಾನ್ಸಿನ ಕಾಓರ್ ಕಡೆಯದು. ಫ್ರೆಂಚ್ ಕೃಷಿತಜ್ಞ ಮಿಶೆಲ್ ಎಮೆ ಪುಜೆ 1853ರಲ್ಲಿ ಮೆಂಡೋಸಾದಲ್ಲಿ ಆರಂಭವಾದ ಕೃಷಿಶಾಲೆಯ ಮೂಲಕ ಅದನ್ನು ಆ ನೆಲಕ್ಕೆ ತಂದ. 1885ರಲ್ಲಿ ಬ್ಯುನೊಸ್ ಐರಿಸ್‌ನಿಂದ ರೈಲು ಬಂದಾಗ ವೈನಿಗೆ ದೊಡ್ಡ ಪೇಟೆ ಸಿಕ್ಕಿತು. ಮೆಂಡೋಸಾದಲ್ಲಿ ವರ್ಷಕ್ಕೆ ಸುರಿಯುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಹೀಗಾಗಿ ಆಂಡೀಸ್ ಪರ್ವತದ ಹಿಮ ಕರಗಿ ಬರುವ ನೀರು ಕಾಲುವೆಗಳಲ್ಲಿ ಎಲ್ಲಿಯವರೆಗೆ ಹರಿಯಿತೋ ಅಲ್ಲಿಯವರೆಗೆ ಮಾತ್ರ ತೋಟ ಬೆಳೆಯಿತು. ಸ್ಪ್ಯಾನಿಷರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ವಾರ್ಪೆ ಜನರು ತೋಡಿದ್ದ ಕಾಲುವೆಗಳೇ ಈ ವ್ಯವಸ್ಥೆಯ ಬುನಾದಿ. ಗ್ವಾಲ್ತಶಾರಿಯ ಇಳಿಜಾರು ಆ ಕಾಲುವೆಗಳಿಗೆ ನಿಲುಕದಷ್ಟು ಮೇಲಿತ್ತು. ಕೊಳವೆಬಾವಿ ಮತ್ತು ಹನಿ ನೀರಾವರಿ ಬಂದ ಮೇಲಷ್ಟೇ ಅಲ್ಲಿ ಬಳ್ಳಿ ನೆಡುವ ಮಾತು ಸಾಧ್ಯವಾಯಿತು. 1992ರಲ್ಲಿ ಮೆಂಡೋಸಾದ ವೈನ್ ತಯಾರಕ ನಿಕೊಲಾಸ್ ಕಟೆನಾ ಸುಮಾರು 1,450 ಮೀಟರ್ ಎತ್ತರದಲ್ಲಿ ತನ್ನ ಮಗಳ ಹೆಸರಿನ ಅಡ್ರಿಯಾನಾ ತೋಟವನ್ನು ನೆಡಿಸಿದಾಗ, ಅಷ್ಟು ಚಳಿಯಲ್ಲಿ ಕೆಂಪು ದ್ರಾಕ್ಷಿ ಮಾಗುವುದೇ ಇಲ್ಲ ಎಂಬ ನಂಬಿಕೆ ಬಲವಾಗಿತ್ತು. ಹಣ್ಣು ಮಾಗಿತು. ಆಮೇಲಿನ ಮೂರು ದಶಕಗಳಲ್ಲಿ ಮೆಂಡೋಸಾದ ಗಮನವೆಲ್ಲ ಮೇಲಕ್ಕೆ ತಿರುಗಿತು.

ಎತ್ತರ ಹಣ್ಣಿಗೆ ಏನು ಮಾಡುತ್ತದೆ ಎಂಬುದಕ್ಕೆ ಎರಡು ಕಾರಣಗಳಿವೆ, ಮತ್ತು ಅವೆರಡೂ ಒಟ್ಟಿಗೆ ಕೆಲಸ ಮಾಡುವುದೇ ಇಲ್ಲಿನ ವಿಶೇಷ. ಮೊದಲನೆಯದು ಚಳಿ. ಪ್ರತಿ 100 ಮೀಟರ್ ಏರಿದಾಗ ಸರಾಸರಿ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಒಣ ಗಾಳಿಯ ತಿಳಿ ಆಕಾಶದಡಿ ನೆಲ ಹಗಲಿನ ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ರಾತ್ರಿ ಇನ್ನಷ್ಟು ತಂಪು. ದ್ರಾಕ್ಷಿ ಮಾಗುವಾಗ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲಿ ಖರ್ಚು ಮಾಡುತ್ತದೆ. ಸೆಕೆ ಹೆಚ್ಚಿದ್ದಲ್ಲಿ ಖರ್ಚೂ ಹೆಚ್ಚು. ತಣ್ಣನೆಯ ರಾತ್ರಿಗಳಲ್ಲಿ ಆ ಹುಳಿ ಉಳಿದುಕೊಳ್ಳುತ್ತದೆ. ಎರಡನೆಯದು ಬೆಳಕು. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣಗಳ ತೀವ್ರತೆ ಶೇ 10ರಷ್ಟು ಏರುತ್ತದೆ. ಬಳ್ಳಿ ತನ್ನ ಬೀಜವನ್ನು ಈ ಕಿರಣಗಳಿಂದ ಕಾಪಾಡಲು ಹಣ್ಣಿನ ಸಿಪ್ಪೆಯಲ್ಲಿ ಬಣ್ಣದ ಮತ್ತು ಒಗರಿನ ವಸ್ತುಗಳನ್ನು ಹೆಚ್ಚು ಕೂಡಿಹಾಕುತ್ತದೆ. ಇದು ಬರೀ ಊಹೆಯಲ್ಲ. ಮೆಂಡೋಸಾದ ಸಂಶೋಧಕರು ಎತ್ತರದ ತೋಟದಲ್ಲಿ ಕೆಲವು ಮಾಲ್ಬೆಕ್ ಬಳ್ಳಿಗಳ ಮೇಲೆ ನೇರಳಾತೀತ-ಬಿ ಕಿರಣ ತಡೆಯುವ ಹಾಳೆ ಹೊದಿಸಿ, ಪಕ್ಕದ ಬಳ್ಳಿಗಳನ್ನು ಬಯಲಿಗೇ ಬಿಟ್ಟು ಹೋಲಿಸಿದ್ದಾರೆ. ಅದೇ ಮಣ್ಣು, ಅದೇ ನೀರು, ಅದೇ ತಂಪು. ಆದರೂ ಕಿರಣ ಬಿದ್ದ ಹಣ್ಣಿನ ಸಿಪ್ಪೆಯಲ್ಲಿ ಈ ವಸ್ತುಗಳು ಹೆಚ್ಚಾಗಿದ್ದವು, ಕಾಯಿ ಚಿಕ್ಕದಾಗಿತ್ತು, ಇಳುವರಿ ಕಡಿಮೆಯಾಗಿತ್ತು. ಕಾಯಿ ಚಿಕ್ಕದಾದರೆ ರಸದ ಪಾಲಿಗೆ ಸಿಪ್ಪೆ ಹೆಚ್ಚು, ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದಲೇ.

ಲೋಟದಲ್ಲಿ ಇದರ ಫಲ ಹೇಗೆ ಕಾಣುತ್ತದೆ? ಬಾಬಾಬುಡನ್‌ಗಿರಿಯ ಎತ್ತರದಲ್ಲಿ ನಿಧಾನವಾಗಿ ಹಣ್ಣಾದ ಅರೇಬಿಕಾ ಕಾಫಿಗೂ ಕೆಳಗಿನ ತೋಟದ ಕಾಫಿಗೂ ಹುಳಿಯಲ್ಲಿ ಇರುವ ವ್ಯತ್ಯಾಸ ಬಲ್ಲವರಿಗೆ ಇದರ ಸುಳಿವು ಬೇಗ ಸಿಗುತ್ತದೆ. ಮೆಂಡೋಸಾ ನಗರದ ಪೂರ್ವಕ್ಕಿರುವ ತಗ್ಗಿನ, ಸೆಕೆಯ ತೋಟಗಳ ಮಾಲ್ಬೆಕ್ ದುಂಡಗೆ, ಮೃದುವಾಗಿ, ಸಿಹಿಹಣ್ಣಿನ ಪಾಕದಂತೆ ಬಾಯಿ ತುಂಬುತ್ತದೆ, ಆದರೆ ನುಂಗಿದೊಡನೆ ಮುಗಿದುಹೋಗುತ್ತದೆ. ಗ್ವಾಲ್ತಶಾರಿಯ ಒಳ್ಳೆಯ ಮಾಲ್ಬೆಕ್‌ನಲ್ಲಿ ಹಣ್ಣಿನ ತುಂಬುತನಕ್ಕೆ ಕೊರತೆಯಿಲ್ಲ, ಬಣ್ಣ ಗಾಢ, ಪರಿಮಳದಲ್ಲಿ ಹೂವಿನ ಅಂಶ ಮುಂದಿರುತ್ತದೆ. ಆಮೇಲೆ ನಾಲಿಗೆಯ ಬದಿಗಳಲ್ಲಿ ಹುಳಿ ಎದ್ದು ರುಚಿಯನ್ನು ಮುಂದಕ್ಕೆ ಒಯ್ಯುತ್ತದೆ. ಒಗರು ಒರಟಾಗಿ ಹಿಡಿಯದೆ ನುಣ್ಣನೆಯ ಹುಡಿಯಂತೆ ಹರಡಿ ಬಹಳ ಹೊತ್ತು ನಿಲ್ಲುತ್ತದೆ. ದಪ್ಪ ವೈನುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಚುರುಕು ಹುಳಿಯ ವೈನುಗಳೂ ಇವೆ. ಎರಡೂ ಒಂದೇ ಲೋಟದಲ್ಲಿ ಒಂದನ್ನೊಂದು ಅಳಿಸದೆ ಇರುವುದು ಅಪರೂಪ, ಮತ್ತು ಈ ವೈನನ್ನು ಮೆಚ್ಚಬೇಕಾದದ್ದು ಆ ಕಾರಣಕ್ಕೆ. ವೈನ್ ಆಗುವಾಗ ಮ್ಯಾಲಿಕ್ ಆಮ್ಲ ಹೆಚ್ಚುಕಡಿಮೆ ಪೂರ್ತಿ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದಲ್ಲ ಎಂದು ತಿಳಿದವರು ಕೇಳಬಹುದು. ಬದಲಾಗುತ್ತದೆ ನಿಜ, ಆದರೆ ಹೆಚ್ಚು ಹುಳಿಯೊಂದಿಗೆ ಬಂದ ಹಣ್ಣಿನಲ್ಲಿ ಈ ಬದಲಾವಣೆಯ ಆಚೆಗೂ ಒಂದು ಪಾಲು ಉಳಿಯುತ್ತದೆ. ಸೆಕೆಯ ತೋಟಗಳ ರಸಕ್ಕೆ ಹೊರಗಿನಿಂದ ಟಾರ್ಟಾರಿಕ್ ಆಮ್ಲ ಬೆರೆಸುವ ಪದ್ಧತಿ ಇರುವುದೇ ಆ ಪಾಲು ಅಲ್ಲಿ ಸಾಲದೆ ಬರುವುದರಿಂದ.

ಮೊದಲ ದೊಡ್ಡ ಆಕ್ಷೇಪ ಹೀಗಿದೆ: ಎತ್ತರವೆಂದರೆ ತಂಪು, ಅಷ್ಟೇ, ಸಮಭಾಜಕದಿಂದ ದೂರ ಹೋದರೂ ತಂಪು ಸಿಗುತ್ತದೆ, ಹಾಗಾಗಿ ಬೆಟ್ಟಕ್ಕೆ ಬೇರೆ ಹಿರಿಮೆ ಬೇಡ. ಕಿರಣ ತಡೆದು ನೋಡಿದ ಪ್ರಯೋಗ ಇದಕ್ಕೆ ಅರ್ಧ ಉತ್ತರ, ಏಕೆಂದರೆ ಅಲ್ಲಿ ತಂಪು ಒಂದೇ ಇದ್ದು ಬೆಳಕು ಮಾತ್ರ ಬೇರೆಯಾಗಿತ್ತು. ಉಳಿದರ್ಧವನ್ನು ಒಪ್ಪಲೇಬೇಕು. ಎತ್ತರವನ್ನು ಅಕ್ಷಾಂಶದಿಂದ ಬಿಡಿಸಿ ಓದಿದರೆ ದಾರಿ ತಪ್ಪುತ್ತದೆ. ಅರ್ಜೆಂಟೀನಾದ ಉತ್ತರದ ಸಾಲ್ಟಾ ಪ್ರಾಂತ್ಯದಲ್ಲಿ ಕಫಯಾತೆಯ ತೋಟಗಳು ಸುಮಾರು 1,700 ಮೀಟರಿನಲ್ಲಿವೆ, ಕೊಲೊಮೆ ಸಂಸ್ಥೆಯ ಅಲ್ತುರಾ ಮಾಕ್ಸಿಮಾ ತೋಟ 3,111 ಮೀಟರಿನಲ್ಲಿದೆ. ಮೀಟರಿನ ಲೆಕ್ಕದಲ್ಲಿ ಅವು ಗ್ವಾಲ್ತಶಾರಿಯನ್ನು ಎಂದೋ ಹಿಂದೆ ಹಾಕಿವೆ. ಆದರೆ ದಕ್ಷಿಣ ಅಕ್ಷಾಂಶ 26ರ ಆಸುಪಾಸಿನ ಆ ಬಿಸಿಲಿನಲ್ಲಿ ಕಫಯಾತೆಯ ಮಾಲ್ಬೆಕ್ ಸಾಮಾನ್ಯವಾಗಿ ಇನ್ನೂ ದಪ್ಪ, ಮದ್ಯಾಂಶದಲ್ಲಿ ಇನ್ನೂ ಖಾರ. 33ನೇ ಅಕ್ಷಾಂಶದ, ಅದಕ್ಕಿಂತ ಕೆಳಗಿನ ಗ್ವಾಲ್ತಶಾರಿಯದೇ ಹೆಚ್ಚು ಚುರುಕು. ನಮ್ಮ ನಂದಿಬೆಟ್ಟದ ತಪ್ಪಲೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. 1988ರಲ್ಲಿ ಆರಂಭವಾದ ಗ್ರೋವರ್ ತೋಟಗಳು ಅಲ್ಲಿ ಸುಮಾರು 900 ಮೀಟರಿನಲ್ಲಿವೆ. ಮಾಲ್ಬೆಕ್‌ಗೆ ಹೆಸರಾದ ಮೆಂಡೋಸಾದ ಲುಹಾನ್ ದೆ ಕೂಯೊ ಕೂಡ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದೆ. 1990ರ ದಶಕದಲ್ಲಿ ಗ್ರೋವರ್‌ಗೆ ಸಲಹೆಗಾರನಾಗಿ ಬಂದ ಫ್ರಾನ್ಸಿನ ಮಿಶೆಲ್ ರೋಲಾನ್ ಊಕೋ ಕಣಿವೆಯಲ್ಲೂ ತೋಟ ಕಟ್ಟಿದವನೇ. ಎತ್ತರ ಲುಹಾನ್‌ನದೇ, ಸಲಹೆಗಾರ ಊಕೋದಲ್ಲಿ ದುಡಿದವನೇ. ಆದರೂ ಹಣ್ಣಿನ ಬದುಕು ಪೂರ್ತಿ ಬೇರೆ. ನಂದಿಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಿ ಅದನ್ನು ದಾರಿಗೆ ತರಬೇಕು. ಮಳೆಗಾಲ ಮುಗಿದ ಮೇಲೆ ಚಿಗುರಿದ ಬಳ್ಳಿಯ ಹಣ್ಣು ಫೆಬ್ರುವರಿಯಿಂದ ಏಪ್ರಿಲ್ ಕಡೆಗೆ, ಅಂದರೆ ಏರುವ ಬೇಸಗೆಯತ್ತ ಮಾಗುತ್ತದೆ. ಮೆಂಡೋಸಾದ ಹಣ್ಣು ಅದೇ ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚುವ ಚಳಿಯತ್ತ ಮಾಗುತ್ತದೆ. ಒಂದು ಕಡೆ ಕೊನೆಯ ವಾರಗಳು ಹುಳಿಯನ್ನು ಕರಗಿಸುತ್ತವೆ, ಇನ್ನೊಂದು ಕಡೆ ಉಳಿಸುತ್ತವೆ.

ಎರಡನೆಯ ಆಕ್ಷೇಪ ತಳಿಯದು. ಎತ್ತರ ಬಣ್ಣವನ್ನು ಗಾಢಗೊಳಿಸುತ್ತದೆ ಎನ್ನುವುದಾದರೆ, ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ 1,000 ಮೀಟರಿನವರೆಗೂ ಬೆಳೆಯುವ ನೆರೆಲ್ಲೊ ಮಸ್ಕಲೇಸೆ ತಳಿಯ ವೈನ್ ಏಕೆ ತೆಳುಕೆಂಪು? ಸ್ಪೇನಿನ ಗ್ರೆದೋಸ್ ಬೆಟ್ಟಸಾಲಿನ ಗರ್ನಾಚಾ ಏಕೆ ಬೆಳಕು ದಾಟುವಷ್ಟು ತಿಳಿ? ಈ ಪ್ರಶ್ನೆ ಸರಿಯಾದದ್ದು, ಮತ್ತು ಬೆಟ್ಟದ ವೈನ್ ಎಂದರೆ ಕಪ್ಪಗೆ, ಬಲವಾಗಿ ಇರಬೇಕೆಂಬ ಪ್ರಚಾರವನ್ನು ಅದು ಮುರಿಯುತ್ತದೆ. ತಳಿಗೆ ಹುಟ್ಟಿನಲ್ಲಿ ಎಷ್ಟು ಬಣ್ಣ ಮಾಡುವ ಶಕ್ತಿಯಿದೆಯೋ ಅದರ ಮೇಲಷ್ಟೇ ಬೆಳಕು ಕೆಲಸ ಮಾಡೀತು. ಮಾಲ್ಬೆಕ್‌ಗೆ ಆ ಶಕ್ತಿ ಬಹಳ, ನೆರೆಲ್ಲೊಗೆ ಕಡಿಮೆ. ಆದರೆ ಬಣ್ಣವನ್ನು ಪಕ್ಕಕ್ಕಿಟ್ಟು ನೋಡಿದರೆ ಎಟ್ನಾ, ಗ್ರೆದೋಸ್, ಗ್ವಾಲ್ತಶಾರಿಗಳ ಒಳ್ಳೆಯ ವೈನುಗಳು ಒಂದು ವಿಷಯದಲ್ಲಿ ಸೇರುತ್ತವೆ: ಬಿಸಿಲುನಾಡಿನ ಹಣ್ಣಾಗಿದ್ದೂ ಹುಳಿ ಕುಂದಿಲ್ಲ, ಪರಿಮಳ ಬೆಂದಿಲ್ಲ. ಬೇರೆ ಬೇರೆ ತಳಿಗಳ ಮೇಲೆ ಬಿದ್ದ ಒಂದೇ ಬಗೆಯ ಗುರುತು ಇದು. ಬೆಟ್ಟದ ಗುಣ ಸಮತೋಲದಲ್ಲಿದೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಡ.

ಮಣ್ಣನ್ನು ಮರೆತು ಎತ್ತರವನ್ನು ಹೊಗಳುತ್ತಿದ್ದೀರಿ ಎಂಬ ಮೂರನೆಯ ಮಾತಿಗೆ ಹೆಚ್ಚು ತೂಕವಿದೆ. ಗ್ವಾಲ್ತಶಾರಿಯ ನೆಲ ಬೆಟ್ಟದಿಂದ ಉರುಳಿ ಬಂದ ಗುಂಡುಕಲ್ಲು, ಮರಳುಗಳ ಪದರ. ಕಲ್ಲುಗಳ ಮೈಗೆ ಸುಣ್ಣ ಬಿಳಿಯಾಗಿ ಹತ್ತಿರುತ್ತದೆ. ಅಡ್ರಿಯಾನಾದಂಥ ಒಂದೇ ತೋಟದೊಳಗೆ ಒಂದು ತುಂಡು ಕಲ್ಲುಮಯ, ಇನ್ನೊಂದು ಆಳವಾದ ಮಣ್ಣು, ಮತ್ತು ಎರಡರಿಂದ ಬೇರೆ ಬೇರೆ ಹೆಸರಿನ ಬೇರೆ ಬೇರೆ ವೈನುಗಳು ಬರುತ್ತವೆ. 2016, 2017, 2018ರ ಕೊಯ್ಲುಗಳಲ್ಲಿ ಮೆಂಡೋಸಾದ ಹಲವು ಮಾಲ್ಬೆಕ್ ತುಂಡುಗಳಿಂದ ಒಂದೇ ವಿಧಾನದಲ್ಲಿ ವೈನ್ ಮಾಡಿ, ಅವುಗಳ ಬಣ್ಣ ಮತ್ತು ಒಗರಿನ ವಸ್ತುಗಳನ್ನು ಅಳೆದ ಅಧ್ಯಯನವೊಂದು, ರಾಸಾಯನಿಕ ಗುರುತಿನಿಂದಲೇ ಕೊಯ್ಲಿನ ವರ್ಷವನ್ನೂ ಹಲವು ತುಂಡುಗಳನ್ನೂ ಬೇರ್ಪಡಿಸಬಹುದೆಂದು ತೋರಿಸಿದೆ. ಇದು ಜಾಗಕ್ಕೆ ಸ್ವಂತ ಗುರುತಿದೆ ಎಂಬುದಕ್ಕೆ ಪುರಾವೆ. ಎತ್ತರವೊಂದೇ ಆ ಗುರುತು ಎಂಬುದಕ್ಕಲ್ಲ. ಎತ್ತರ ತಂಪನ್ನೂ ಬೆಳಕನ್ನೂ ಒದಗಿಸುತ್ತದೆ, ಒಂದೇ ಎತ್ತರದ ಎರಡು ತುಂಡುಗಳನ್ನು ಬೇರೆ ಮಾಡುವುದು ಮಣ್ಣು. ಮೀಟರನ್ನು ಮಾತ್ರ ಅಚ್ಚು ಹಾಕುವ ಬಾಟಲಿ ಅರ್ಧ ವಿಷಯವನ್ನಷ್ಟೇ ಹೇಳುತ್ತದೆ.

ಇನ್ನು ವೈನ್ ಮಾಡುವವರ ಕೈಯ ವಿಚಾರ. ಇಲ್ಲಿ ವಿಮರ್ಶೆ ಕಟುವಾಗಲೇಬೇಕು. 1990ರ ದಶಕದಿಂದ ಸುಮಾರು ಎರಡು ದಶಕ ಮೆಂಡೋಸಾದ ದುಬಾರಿ ವೈನುಗಳು ಬಹುಪಾಲು ಒಂದೇ ಅಚ್ಚಿನಲ್ಲಿದ್ದವು: ಹಣ್ಣು ಬಳ್ಳಿಯಲ್ಲೇ ಅತಿಯಾಗಿ ಮಾಗುವವರೆಗೆ ಕಾಯುವುದು, ಬಣ್ಣವನ್ನೂ ಒಗರನ್ನೂ ಹಿಂಡಿ ತೆಗೆಯುವುದು, ಹೊಸ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುವುದು. ಎತ್ತರದ ತೋಟದ ಹಣ್ಣಿಗೆ ಹೀಗೆ ಮಾಡಿದರೆ, ಚಳಿ ಕಾಪಾಡಿದ್ದನ್ನೆಲ್ಲ ಮನುಷ್ಯನೇ ಕೈಯಾರೆ ಕಳೆದಂತೆ. ಕಡುಬಿಸಿಲಿನಿಂದಾಗಿ ಅಲ್ಲಿ ಸಕ್ಕರೆ ಏರುವುದು ನಿಲ್ಲುವುದಿಲ್ಲ, ಹತ್ತು ದಿನ ಹೆಚ್ಚು ಕಾದರೆ ತಂಪು ಕಣಿವೆಯ ವೈನಿನಲ್ಲೂ ಮದ್ಯಾಂಶ ಶೇ 15ರ ಹತ್ತಿರ ಹೋಗಿ ಬಾಯಿ ಸುಡುತ್ತದೆ. ದಿಕ್ಕು ಬದಲಾದದ್ದು ಬೇಗ ಕೊಯ್ಯುವ, ಮೃದುವಾಗಿ ಹಿಂಡುವ ತಲೆಮಾರಿನಿಂದ. ಊಕೋ ಕಣಿವೆಯದೇ ಆದ ಪಾರಾಹೆ ಅಲ್ತಮೀರಾದಲ್ಲಿ ವೈನ್ ತಯಾರಕ ಸೆಬಾಸ್ಟಿಯನ್ ಸುಕಾರ್ಡಿ ಹೊಸ ಓಕ್ ಬಿಟ್ಟು, ಒಳಲೇಪನವಿಲ್ಲದ ಕಾಂಕ್ರೀಟ್ ತೊಟ್ಟಿಗಳಲ್ಲಿ ವೈನ್ ಮಾಡತೊಡಗಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಕಾಂಕ್ರೀಟ್ ಪೀಪಾಯಿಯಂತೆ ತನ್ನ ಪರಿಮಳವನ್ನು ಸೇರಿಸುವುದಿಲ್ಲ. ಹಾಗೆ ಮಾಡಿದ ಮೇಲೆ ಊಕೋ ಕಣಿವೆಯ ಒಂದೂರಿನ ವೈನಿಗೂ ಇನ್ನೊಂದೂರಿನದಕ್ಕೂ ಇರುವ ಭೇದ ಸ್ಪಷ್ಟವಾಗಿ ತಿಳಿಯತೊಡಗಿತು. ಎಲ್ಲವೂ ಮಾಡುವವರ ಕೈಚಳಕ ಎನ್ನುವವರಿಗೆ ಇದೇ ಉತ್ತರ: ಕೈ ಹಗುರಾದಷ್ಟೂ ಜಾಗದ ಗುರುತು ಮಸುಕಾಗದೆ ಹೆಚ್ಚಿತು.

ಕೊನೆಗೆ ರುಚಿಯ ಆಚೆಗಿನ, ಆದರೆ ಯಾವ ಮೌಲ್ಯಮಾಪನವೂ ಬಿಡಬಾರದ ಸಂಗತಿ ನೀರು. ಒಣನಾಡಾದ ಮೆಂಡೋಸಾದಲ್ಲಿ ನೀರಾವರಿಗೆ ಒಳಪಟ್ಟ ನೆಲ ಪ್ರಾಂತ್ಯದ ಶೇ 5ಕ್ಕೂ ಕಡಿಮೆ. 2010ರಿಂದೀಚೆಗೆ ಆಂಡೀಸ್‌ನಲ್ಲಿ ಹಿಮ ಬೀಳುವುದು ಕಡಿಮೆಯಾಗಿ ಬರ ವರ್ಷಾನುಗಟ್ಟಲೆ ಎಳೆದಿದೆ. ಇಳಿಜಾರಿನ ತಲೆಯಲ್ಲಿ ಕೊಳವೆಬಾವಿ ಕೊರೆದು ಬಳ್ಳಿ ಬೆಳೆಸುವವರು, ಕೆಳಗಿನ ಊರುಗಳೂ ಹಣ್ಣು ತರಕಾರಿ ಬೆಳೆಯುವ ಸಣ್ಣ ರೈತರೂ ನೆಚ್ಚಿರುವ ಅಂತರ್ಜಲದಲ್ಲೇ ಪಾಲು ಪಡೆಯುತ್ತಾರೆ. ಭೂಮಿ ಬಿಸಿಯಾಗುತ್ತಿರುವುದರಿಂದ ಇನ್ನೂ ಮೇಲಕ್ಕೆ ಹೋಗುವುದೇ ಪರಿಹಾರ ಎನ್ನುವವರು ಈ ಲೆಕ್ಕಕ್ಕೂ ಉತ್ತರ ಕೊಡಬೇಕು. ತಾಪ ಕಡಿಮೆ ಮಾಡಲು ಮೇಲೇರಬಹುದು. ಮೇಲೇರಿದಂತೆ ನೀರು ಹೆಚ್ಚುವುದಿಲ್ಲ.

ಹಾಗಾಗಿ ಗ್ವಾಲ್ತಶಾರಿಯ ಒಳ್ಳೆಯ ಕೆಂಪು ವೈನ್ ಪಡೆದಿರುವ ಮನ್ನಣೆ ನ್ಯಾಯವಾದದ್ದು, ಆದರೆ ಆ ಮನ್ನಣೆ 1,450 ಎಂಬ ಅಂಕಿಗೆ ಸಲ್ಲುವುದಲ್ಲ. ಸರಿಯಾದ ಅಕ್ಷಾಂಶದ, ಸುಣ್ಣ ಹತ್ತಿದ ಕಲ್ಲಿನ ಇಳಿಜಾರಿನಲ್ಲಿ, ಬಿಸಿಲೂ ಚಳಿಯೂ ಒದಗಿಸಿದ್ದನ್ನು ಸಕಾಲದ ಕೊಯ್ಲಿನಿಂದ ಉಳಿಸಿಕೊಂಡವರಿಗೆ ಅದು ಸಲ್ಲಬೇಕು. 3,000 ಮೀಟರ್ ದಾಟುವ ಪೈಪೋಟಿಯಲ್ಲಿ ಸಾಹಸವಿದೆ, ಆದರೆ ಹೆಚ್ಚಿನ ಎತ್ತರ ಹೆಚ್ಚಿನ ಗುಣವಾಗುತ್ತದೆ ಎಂಬುದಕ್ಕೆ ಲೋಟದಲ್ಲಿ ಸಾಕ್ಷಿಯಿಲ್ಲ. ನಂದಿಯ ತಪ್ಪಲಿನವರೂ ಆಂಡೀಸ್‌ನ ಮಾತನ್ನು ಎರವಲು ತರಬೇಕಿಲ್ಲ. ಬೇಸಗೆಯತ್ತ ಮಾಗುವ ಹಣ್ಣಿನಲ್ಲಿ ಹುಳಿ ಉಳಿಸುವುದು ಹೇಗೆಂಬ ತಮ್ಮದೇ ಪ್ರಶ್ನೆಯನ್ನು ತಮ್ಮ ತೋಟದಲ್ಲೇ ಬಿಡಿಸಿದರೆ ಅದೇ ದೊಡ್ಡ ಕೆಲಸ. ಕುಡಿಯುವವರು ಬೆಟ್ಟದ ವೈನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಹಣ್ಣಿನ ತುಂಬುತನ, ಹುಳಿಯ ಚುರುಕು, ನಯವಾದ ಒಗರು ಈ ಮೂರೂ ಕೊನೆಯ ಗುಟುಕಿನವರೆಗೆ ಜೊತೆಯಾಗಿ ನಿಲ್ಲುತ್ತವೆಯೇ? ನಿಂತರೆ ಎತ್ತರ ತನ್ನ ಕೆಲಸ ಮಾಡಿದೆ. ನಿಲ್ಲದಿದ್ದರೆ ಬಾಟಲಿಯ ಮೇಲೆ ಎಷ್ಟು ಮೀಟರ್ ಅಚ್ಚಾಗಿದ್ದರೂ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾದ್ದಿಲ್ಲ.