ಹಿಮದ ನಾಯಿಗಳ ಮುಖ

ಅಕ್ಕನ ಮಗ ಸಿಡ್ನಿಯಲ್ಲಿದ್ದಾನೆ. ಹೋದ ಸಲ ಊರಿಗೆ ಬಂದಾಗ ಎಲ್ಲರಿಗೂ ಚಾಕೊಲೇಟು ತಂದ, ನನಗೆ ಮಾತ್ರ ಒಂದು ದಪ್ಪ ಚಿತ್ರಪುಸ್ತಕ. "ಚಿಕ್ಕಮ್ಮ, ನಿಮಗೆ ನಾಯಿ ಅಂದ್ರೆ ಇಷ್ಟ ಅಲ್ವಾ, ನೋಡಿ" ಅಂದ. ಮಧ್ಯಾಹ್ನದ ಕೆಲಸ ಮುಗಿಸಿ ಸುಮ್ಮನೆ ತೆರೆದವಳು ದೀಪ ಹಚ್ಚುವ ಹೊತ್ತಾದರೂ ಮುಚ್ಚಿರಲಿಲ್ಲ.

ಅವು ಆಸ್ಟ್ರೇಲಿಯದ ಫ್ರಾಂಕ್ ಹರ್ಲಿ ತೆಗೆದ ಫೋಟೋಗಳು. 1914ರಲ್ಲಿ ಶಾಕಲ್ಟನ್ ಎಂಬ ಸಾಹಸಿಯ ಜೊತೆ 'ಎಂಡ್ಯುರೆನ್ಸ್' ಹಡಗಿನಲ್ಲಿ ಈತ ದಕ್ಷಿಣ ಧ್ರುವದ ಕಡೆಗೆ ಹೊರಟ. ಜಾರುಬಂಡಿ ಎಳೆಯಲೆಂದು ಅರವತ್ತಕ್ಕೂ ಹೆಚ್ಚು ನಾಯಿಗಳನ್ನು ಒಯ್ದಿದ್ದರು. ಉತ್ತಮ ತಳಿಯವೇನಲ್ಲ, ಕೆನಡಾದಿಂದ ತರಿಸಿದ ಬೆರಕೆ ನಾಯಿಗಳು. 1915ರ ಜನವರಿಯಲ್ಲಿ ಹಡಗು ಹಿಮದಲ್ಲಿ ಸಿಕ್ಕಿಬಿತ್ತು. ಆಮೇಲೆ ತಿಂಗಳುಗಟ್ಟಲೆ ಕಾಯುವುದೇ ಕೆಲಸ. ನಾಯಿಗಳಿಗೆ ಹಿಮದ ಗೂಡು ಕಟ್ಟಿದರು, ಓಟದ ಪಂದ್ಯ ಇಟ್ಟರು. ಹರ್ಲಿ ಅವುಗಳ ಮುಖ ತೆಗೆದ.

ಮುಖ ಅಂದೆ, ಗಮನಿಸಿ. ನಾಯಿಯ ಫೋಟೋ ಅಂದರೆ ಸಾಮಾನ್ಯವಾಗಿ ನಾವು ಅದರ ಮೈಕಟ್ಟು ನೋಡುತ್ತೇವೆ, ಇಲ್ಲವೇ 'ಎಷ್ಟು ಮುದ್ದಾಗಿದೆ' ಅನ್ನುತ್ತೇವೆ. ಹರ್ಲಿಯ ನಾಯಿಗಳನ್ನು ಮುದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ತೋಳದ ಹೋಲಿಕೆಯಿಂದ ಲೂಪಾಯ್ಡ್ ಎಂದು ಹೆಸರು ಪಡೆದವನನ್ನೇ ನೋಡಿ. ನಮ್ಮ ಓಣಿಯ ನಿವೃತ್ತ ಹೆಡ್ಮಾಸ್ತರರ ಗಾಂಭೀರ್ಯ! ಷೇಕ್ಸ್‌ಪಿಯರ್ ಹರ್ಲಿಯದೇ ತಂಡದ ಮುಂದಾಳು. ಸೋಲ್ಜರ್ ಇನ್ನೊಂದು ತಂಡದವನು. ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಸುತ್ತ ಕಣ್ಣು ಕುಕ್ಕುವ ಹಿಮ, ಭಾರದ ಕ್ಯಾಮೆರಾ, ಗಾಜಿನ ಪ್ಲೇಟು, ಎದುರಿಗೆ ನಿಂತಲ್ಲಿ ನಿಲ್ಲದ ಪ್ರಾಣಿ. ಹತ್ತಿರದ ಒಡನಾಟವಿಲ್ಲದೆ ಇಂಥ ಚಿತ್ರ ಸಿಗುವುದಿಲ್ಲ. ಟಾಮ್ ಕ್ರೀನ್ ಎಂಬ ನಾವಿಕ ನಾಲ್ಕು ಮರಿಗಳನ್ನು ತೋಳ ತುಂಬ ಹಿಡಿದಿರುವ ಚಿತ್ರವೂ ಇದೆ. ರೋಜರ್, ಟೋಬಿ, ನೆಲ್, ನೆಲ್ಸನ್. ಬಾಣಂತಿ ಕೋಣೆಯಿಂದ ಮಗುವನ್ನು ಹೊರಗೆ ತಂದ ಅಜ್ಜಿಯಂತೆ ಕಾಣುತ್ತಾನೆ ಆ ಒರಟ.

ಆದರೆ ಎಲ್ಲ ಚಿತ್ರಗಳನ್ನೂ ನಾನು ಒಪ್ಪಲಾರೆ. ಮುರಿದ ಹಡಗಿನ ಕಡೆ ನಾಯಿಗಳು ನೋಡುತ್ತಿರುವ ಚಿತ್ರ ಬಹಳ ಪ್ರಸಿದ್ಧವಂತೆ. ನನಗೆ ಅಲ್ಲಿ ನಾಯಿ ಕಾಣಲಿಲ್ಲ, ನಾಟಕದ ಪರದೆ ಕಂಡಿತು. ಅಲ್ಲಿ ಯಾವನು ಷೇಕ್ಸ್‌ಪಿಯರ್, ಯಾವನು ಲೂಪಾಯ್ಡ್? ಹರ್ಲಿಗೆ ಈ ಚಪಲ ಇದ್ದೇ ಇತ್ತು. ಮುಂದೆ 1917ರಲ್ಲಿ ಯುದ್ಧದ ಹಲವು ಚಿತ್ರಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಚಿತ್ರ ಮಾಡಹೋಗಿ ಮೇಲಿನವರ ಜೊತೆ ಜಗಳವನ್ನೂ ಆಡಿದ.

ಇನ್ನು ಮುಂದಿನದು ಹೇಳಲು ಕಷ್ಟ. ಅಕ್ಟೋಬರಿನಲ್ಲಿ ಹಡಗು ನುಚ್ಚುನೂರಾಯಿತು. ಮೊದಲು ಸಣ್ಣ ಮರಿಗಳನ್ನೂ ಹಡಗಿನ ಬೆಕ್ಕನ್ನೂ ಗುಂಡಿಟ್ಟು ಕೊಂದರು. 1916ರ ಆರಂಭದ ತಿಂಗಳುಗಳಲ್ಲಿ ಉಳಿದವನ್ನೂ ಕೊಂದರು, ಕೊನೆಕೊನೆಯವನ್ನು ತಿಂದರು. ಹಡಗಿನ 28 ಜನರೂ ಬದುಕಿ ಬಂದರು. ಬೇರೆ ದಾರಿ ಇತ್ತೇ ಎಂದು ಬೆಚ್ಚಗೆ ಕೂತು ಕೇಳಲು ನಾನು ಯಾರು?

ಆದರೂ ಪುಸ್ತಕ ಮುಚ್ಚಿದಾಗ ನೆನಪಾದದ್ದು ನಮ್ಮ ಕರಿಯ. ಅಪ್ಪನಿಗೆ ವರ್ಗವಾಗಿ ಊರು ಬಿಟ್ಟಾಗ ಅವನನ್ನು ಅಲ್ಲೇ ಬಿಟ್ಟೆವು. ಸೇತುವೆಯವರೆಗೆ ಲಾರಿಯ ಹಿಂದೆ ಓಡಿ ಬಂದ. ಹೊರಡುವ ಹಿಂದಿನ ವಾರ ಮನೆಮಂದಿಯ ಫೋಟೋ ತೆಗೆಸಿದ್ದೆವು. ಕರಿಯ ನಡುವೆ ನುಗ್ಗಿದಾಗ "ಹಚಾ" ಎಂದು ಗದರಿಸಿ ಓಡಿಸಿದ್ದು ನಾನೇ. ಚಿತ್ರದ ಮೂಲೆಯಲ್ಲಿ ಅವನ ಬಾಲವಷ್ಟೇ ಇದೆ. ಹೆಸರಿಟ್ಟು ಕರೆದು, ಅನ್ನ ಹಾಕಿ, ಹಾಗೆ ಬಿಟ್ಟುಬಂದವರು ನಾವು. ಹರ್ಲಿ ಕೊನೇ ಪಕ್ಷ ಮುಖವನ್ನಾದರೂ ಉಳಿಸಿದ.

ಅದೂ ಸುಲಭವಾಗಿ ಉಳಿದದ್ದಲ್ಲ. ಮುರಿದ ಹಡಗಿನೊಳಗಿನ ಹಿಮನೀರಿಗೆ ಇಳಿದು ಅವನು ಪ್ಲೇಟುಗಳನ್ನು ಎತ್ತಿ ತಂದ. ಆದರೆ ಎಲ್ಲವನ್ನೂ ಹೊರುವಂತಿರಲಿಲ್ಲ. ನವೆಂಬರಿನಲ್ಲಿ ಅವನೂ ಶಾಕಲ್ಟನ್ನೂ ಹಿಮದ ಮೇಲೆ ಕೂತು ಸುಮಾರು 120 ಆರಿಸಿಕೊಂಡರು. ಮಿಕ್ಕ ಸುಮಾರು 400ನ್ನು, ಮತ್ತೆ ಆಸೆಯಾಗದಿರಲೆಂದು, ಅಲ್ಲೇ ಒಡೆದುಹಾಕಿದರು. ಆಗ ತಂಡದ ನಾಯಿಗಳು ಇನ್ನೂ ಜೊತೆಯಲ್ಲೇ ಇದ್ದವು. ಒಡೆದ ಗಾಜಿನಲ್ಲಿ ಅವುಗಳಲ್ಲಿ ಯಾರ್ಯಾರ ಮುಖ ಇತ್ತೋ.